ಕಿವಿಗೂ ಒಂದು ಕದ ಬೇಕು

ಕಣ್ಣಿಗೆ ರೆಪ್ಪೆ ಇದೆ, ಬಾಯಿಗೆ ತುಟಿ ಇದೆ. ಕಿವಿಗೆ ಮಾತ್ರ ದೇವರು ಕದ ಇಟ್ಟಿಲ್ಲ. ಗಂಡಸಿಗೂ ಇಟ್ಟಿಲ್ಲವೆನ್ನುವುದು ನಿಜ. ಆದರೆ ಗಂಡಸು ಎದ್ದು ಹೋಗಿ ಕಟ್ಟೆಯ ಮೇಲೆ ಕೂತರೆ ಮನೆಯ ಸದ್ದು ಅವನ ಬೆನ್ನು ಹತ್ತಿ ಬರುವುದಿಲ್ಲ. ಹೆಣ್ಣುಮಗಳ ಕಿವಿಗೆ ಆ ಪುಣ್ಯವಿಲ್ಲ. ಕುಕ್ಕರು ಎಷ್ಟು ಸಲ ಕೂಗಿತು, ನಳ ಬಂತೋ ಇಲ್ಲವೋ, ಕೂಸು ಯಾಕೆ ಕೆಮ್ಮಿತು, ಮಾವನವರು ಕರೆದರೇನೋ, ಬಾಗಿಲಲ್ಲಿ ಯಾರು ನಿಂತರು ಎಂಬುದಕ್ಕೆಲ್ಲ ಅವಳ ಕಿವಿಯೇ ಕಾವಲು. ಊರ ಮುಂದಿನ ಕೆರೆಯ ಹಾಗೆ ಅದರಲ್ಲಿ ಎಲ್ಲರೂ ಕೊಡ ಅದ್ದುವವರೇ.

ಆದ್ದರಿಂದ ನಾನು ಹೇಳಹೊರಟಿರುವುದು ಸಣ್ಣ ಸಾಮಾನಿನ ಮಾತಾದರೂ ಅದಕ್ಕೆ ಜಗಳದ ಸ್ವರ ಬಂದರೆ ಯಾರೂ ಬೇಸರಿಸಬಾರದು. ರೋಣ, ನರಗುಂದ, ಗಜೇಂದ್ರಗಡದಂಥ ನಮ್ಮ ಊರುಗಳ ಹೆಣ್ಣುಮಕ್ಕಳು ತಮಗಾಗಿ, ತಾವೇ ಅಂಗಡಿಗೆ ಹೋಗಿ, ತಮ್ಮ ಕಿವಿಗೆ ಇಟ್ಟು ನೋಡಿ ಒಂದು ಹೆಡ್‌ಫೋನ್ ಕೊಳ್ಳಬೇಕು. ಅದು ಕಿವಿಯನ್ನು ಪೂರ್ತಿ ಮುಚ್ಚುವಂಥದ್ದಾಗಿರಬೇಕು, ಚೀಲದಲ್ಲಿ ಹಿಡಿಯುವಷ್ಟಿರಬೇಕು, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯಬೇಕು. ಮಗನದು ಹಳೆಯದಾಯಿತೆಂದು ಕೊಟ್ಟದ್ದಲ್ಲ, ಫೋನಿನ ಡಬ್ಬಿಯಲ್ಲಿ ಪುಕ್ಕಟೆ ಬಂದದ್ದೂ ಅಲ್ಲ. ಇದಕ್ಕೆ ಅಡ್ಡ ನಿಲ್ಲುವವರು ಮೂರು ಮಂದಿ: ಮನೆಯವರು, ಅಂಗಡಿಯವರು, ಮತ್ತು ಸಂಗೀತ ಬಲ್ಲೆವೆನ್ನುವ ದೊಡ್ಡಮನುಷ್ಯರು. ಮೂವರಿಗೂ ಉತ್ತರ ಕೊಡುವುದಿದೆ.

ಮೊದಲು, ಮುಚ್ಚುವಂಥದ್ದೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕು. ಹೆಡ್‌ಫೋನಿನಲ್ಲಿ ಎರಡು ಜಾತಿ. ಒಂದರ ಬಟ್ಟಲಿನ ಬೆನ್ನಿಗೆ ಜಾಲರಿಯೋ ತೂತುಗಳೋ ಇರುತ್ತವೆ. ಒಳಗಿನ ಹಾಡು ಹೊರಗೆ ಸೋರುತ್ತದೆ, ಹೊರಗಿನ ಗದ್ದಲ ಒಳಗೆ ಬರುತ್ತದೆ. ಇದಕ್ಕೆ ಓಪನ್ ಎನ್ನುತ್ತಾರೆ. ನಿಶ್ಶಬ್ದವಾದ ಕೋಣೆ ಇದ್ದವರಿಗೆ ಅದು ಒಳ್ಳೆಯದೇ, ಹಾಡು ಹರವಾಗಿ ಕೇಳುತ್ತದೆ. ಆದರೆ ನಮ್ಮಲ್ಲಿ ಎಷ್ಟು ಜನ ಹೆಣ್ಣುಮಕ್ಕಳಿಗೆ ನಿಶ್ಶಬ್ದವಾದ ಸ್ವಂತ ಕೋಣೆ ಇದೆ? ಇನ್ನೊಂದರ ಬಟ್ಟಲಿಗೆ ಗಟ್ಟಿ ಬೆನ್ನು, ಅಂಚಿಗೆ ಮೆತ್ತೆ. ಒಳಗಿನದು ಒಳಗೆ, ಹೊರಗಿನದು ಬಹುಮಟ್ಟಿಗೆ ಹೊರಗೆ. ಇದು ಕ್ಲೋಸ್ಡ್. ಇದರಲ್ಲೂ ಕಿವಿಯ ಮೇಲೆ ಕೂರುವುದು ಒಂದು, ಇಡೀ ಕಿವಿಯನ್ನೇ ಒಳಗೆ ತೆಗೆದುಕೊಂಡು ಸುತ್ತ ಕೂರುವುದು ಇನ್ನೊಂದು. ಕಿವಿಯ ತೂತಿಗೆ ತುರುಕುವ ಗುಂಡಿಗಳ ಮಾತು ಬೇರೆ. ಅವೂ ಮುಚ್ಚುತ್ತವೆ. ಆದರೆ ತುರಿಕೆ, ಕಿವಿಯ ಗುಗ್ಗೆ, ಸೋರುವ ಕಿವಿ ಇದ್ದವರು ಅವನ್ನು ದೂರ ಇಡುವುದೇ ಲೇಸು.

ಈಗ ಮನೆಯವರ ಮಾತಿಗೆ ಬರೋಣ. ಸೊಸೆಯೊಬ್ಬಳು ಮಧ್ಯಾಹ್ನ ಅರ್ಧ ತಾಸು ಹೆಡ್‌ಫೋನ್ ಹಾಕಿಕೊಂಡು ಕೂತರೆ ಬರುವ ಮಾತು ನಮಗೆಲ್ಲ ಬಾಯಿಪಾಠ. "ಏನವಾ, ಎರಡೂ ಕಿವಿ ಮುಚಗೊಂಡು ಕುಂತೀಯಲ್ಲ, ಕರದ್ರ ಕೇಳೂದಾದ್ರೂ ಹೆಂಗ?" ಅದೇ ಮನೆಯ ಮಗ ಮಾಳಿಗೆಯ ಮೇಲೆ ಅದನ್ನೇ ಹಾಕಿಕೊಂಡು ಕೂತಿದ್ದರೆ, "ಅಂವಾ ಓದಾಕತ್ತಾನ, ಕರೀಬ್ಯಾಡ್ರಿ" ಎಂದು ಮನೆಯೆಲ್ಲ ಪಿಸುಗುಟ್ಟುತ್ತದೆ. ಸಾಮಾನು ಒಂದೇ. ಅವನ ತಲೆಯ ಮೇಲಿದ್ದರೆ ಓದು, ಇವಳ ತಲೆಯ ಮೇಲಿದ್ದರೆ ಸೊಕ್ಕು. ಕಿವಿ ಮುಚ್ಚಿಕೊಂಡದ್ದರ ಬಗ್ಗೆ ಅವರಿಗೆ ಸಿಟ್ಟಿಲ್ಲ. ಕರೆದಾಗ ಏಳದೆ ಕೂರುವ ಅರ್ಧ ತಾಸು ಅವಳಿಗೆ ಉಂಟು ಎನ್ನುವುದನ್ನು ಒಪ್ಪಿಕೊಳ್ಳಬೇಕಾಗುತ್ತದಲ್ಲ, ಸಂಕಟ ಅಲ್ಲಿದೆ.

ಕೇಳುವುದಕ್ಕೆ ಬಿಡುವು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರೋಣವೇ ಸಾಕ್ಷಿ. 1922ರ ಫೆಬ್ರುವರಿ 4ರಂದು ಭೀಮಸೇನ ಜೋಶಿಯವರು ಹುಟ್ಟಿದ್ದು ರೋಣದಲ್ಲಿ. ತಂದೆ ಶಾಲಾ ಮಾಸ್ತರರು. ಭಜನೆಯ ಮೇಳವೋ ಮೆರವಣಿಗೆಯ ಬ್ಯಾಂಡೋ ಹೊರಟರೆ ಹುಡುಗ ಅದರ ಹಿಂದೆ ಹೋಗಿಬಿಡುತ್ತಿದ್ದನಂತೆ, ದಣಿದು ಎಲ್ಲೋ ಮಲಗುತ್ತಿದ್ದನಂತೆ. ಹುಡುಕಿ ಸಾಕಾದ ತಂದೆ ಕೊನೆಗೆ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದ ಕಥೆ ಅವರ ಜೀವನಚರಿತ್ರೆ ಬರೆದವರೆಲ್ಲ ಹೇಳುವಂಥದ್ದು. ಮುಂದೆ ಅಂಗಡಿಯೊಂದರಲ್ಲಿ ಗ್ರಾಮೋಫೋನಿನ ಮೇಲೆ ತಿರುಗುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮರಿ ಕಿವಿಗೆ ಬಿತ್ತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಹುಡುಗ ಮನೆ ಬಿಟ್ಟ. ಗ್ವಾಲಿಯರ್ ತನಕ ಸುತ್ತಿ ಬಂದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕೂತ. 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ನಾವೆಲ್ಲ ಹೆಮ್ಮೆಪಟ್ಟೆವು, ಪಡಲೇಬೇಕು.

ಆದರೆ ಆ ಮಾಸ್ತರರ ಮನೆಯಲ್ಲಿ ಅಂಥದೇ ಕಿವಿಯ ಮಗಳೊಬ್ಬಳು ಇದ್ದಳೆಂದು ಒಂದು ಗಳಿಗೆ ಊಹಿಸಿಕೊಳ್ಳಿ. ಅವಳು ಬ್ಯಾಂಡಿನ ಹಿಂದೆ ಹೋಗಬಹುದಿತ್ತೆ? ಅಂಗಡಿಯ ಮುಂದೆ ನಿಂತು ತಟ್ಟೆ ಮುಗಿಯುವ ತನಕ ಕೇಳಬಹುದಿತ್ತೆ? ಅವಳ ಲಂಗದ ಮೇಲೆ 'ಮಾಸ್ತರರ ಮಗಳು' ಎಂದು ಬರೆಸಿ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರೆ? ಧಾರವಾಡದ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಹಾಡು ಮನೆಯೊಳಗೇ ಬಂತು ಎನ್ನುತ್ತೀರಿ. ಬಂತು ನಿಜ. ಆದರೆ ಪಡಸಾಲೆಯ ರೇಡಿಯೋದ ಗುಂಡಿ ಯಾರ ಕೈಯಲ್ಲಿತ್ತು? ಗಂಡಸರು ವಾರ್ತೆ ಕೇಳಿ ಮುಗಿಸಿದ ಮೇಲೆ, ಒಳಗೆ ಪಾತ್ರೆ ತಿಕ್ಕುವ ಸದ್ದಿನ ನಡುವೆ ಉಳಿದದ್ದು ಹೆಣ್ಣುಮಕ್ಕಳ ಪಾಲಿಗೆ. ಆ ಅಂಗಡಿಯ ಮುಂದೆ ನಿಲ್ಲಲಾರದೆ ಹೋದ ಹುಡುಗಿಯರ ತಲೆಯ ಮೇಲೆ ಇವತ್ತು ಆ ಅಂಗಡಿಯನ್ನೇ ತಂದು ಇಡಬಹುದು. ಅದಕ್ಕೆ ಬೇಕಾದದ್ದು ಕೈಯಲ್ಲಿರುವ ಫೋನು, ಸಾವಿರ ರೂಪಾಯಿ, ಅರ್ಧ ತಾಸು. ಮೂರರಲ್ಲಿ ಸಿಗಲು ಕಷ್ಟವಾದದ್ದು ಮೂರನೆಯದು.

ಇನ್ನು "ಇದೆಲ್ಲ ಹೆಣ್ಣುಮಕ್ಕಳಿಗ್ಯಾಕ" ಎನ್ನುವವರಿಗೆ ಸ್ವಲ್ಪ ಇತಿಹಾಸ. ಕಿವಿಗೆ ಯಂತ್ರ ಹಚ್ಚಿಕೊಂಡು ಹೊಟ್ಟೆ ಹೊರೆದವರಲ್ಲಿ ಮೊದಲ ಸಾಲಿನವರು ಹೆಂಗಸರೇ. 1878ರ ಸೆಪ್ಟೆಂಬರ್ 1ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಟೆಲಿಫೋನ್ ಆಪರೇಟರಾಗಿ ಕೆಲಸಕ್ಕೆ ಸೇರಿದಳು. ಆ ಕೆಲಸಕ್ಕೆ ಸೇರಿದ ಮೊದಲ ಹೆಂಗಸು ಅವಳು. ಆಮೇಲೆ ಹಲವು ದೇಶಗಳ ಎಕ್ಸ್‌ಚೇಂಜುಗಳಲ್ಲೂ ಹೆಣ್ಣುಮಕ್ಕಳೇ ತುಂಬಿದರು. ನಮ್ಮಲ್ಲಿ ಟ್ರಂಕ್ ಕಾಲ್ ಹಚ್ಚಿ ಕಾಯುತ್ತಿದ್ದ ಕಾಲದಲ್ಲಿ ಆ ಕಡೆಯಿಂದ ಕೇಳಿಬರುತ್ತಿದ್ದ ದನಿ ನೆನಪಿದೆಯಲ್ಲ? ಇವತ್ತು ನಾವು ಫೋನಿಗೆ ಚುಚ್ಚುವ ಸಣ್ಣ ಪಿನ್ನು ಆ ಎಕ್ಸ್‌ಚೇಂಜಿನ ಹಲಗೆಗೆ ಚುಚ್ಚುತ್ತಿದ್ದ ದಪ್ಪ ಪಿನ್ನಿನ ಮೊಮ್ಮಗಳು. ಇನ್ನು 1910ರಲ್ಲಿ ಎರಡು ಕಿವಿಯ ಹೆಡ್‌ಫೋನನ್ನು ಅಮೆರಿಕದ ನೌಕಾಪಡೆಗೆ ಮಾಡಿಕೊಟ್ಟ ನಥಾನಿಯಲ್ ಬಾಲ್ಡ್ವಿನ್ ಅದನ್ನು ಕಟ್ಟಿದ್ದು ತನ್ನ ಮನೆಯ ಅಡಿಗೆಮನೆಯಲ್ಲಿ. ಅಡಿಗೆಮನೆಯಲ್ಲಿ ಹುಟ್ಟಿದ್ದನ್ನು ಅಡಿಗೆಮನೆಯವಳು ಬಳಸಿದರೆ ತಪ್ಪಾಗುವುದು ಹೇಗೆ?

ಮನೆಯವರ ದೂರಿನಲ್ಲಿ ಒಂದು ಮಾತನ್ನು ನಾನು ಗೌರವಿಸುತ್ತೇನೆ. ಒಬ್ಬರು ಕಿವಿ ಮುಚ್ಚಿಕೊಂಡರೆ ಜತೆಗಿದ್ದವರು ಹೊರಗುಳಿದ ಹಾಗಾಗುತ್ತದೆ. ಇದು ಹೊಸ ದೂರಲ್ಲ. ಸೋನಿ ಕಂಪನಿಯ ಅಕಿಯೊ ಮೊರಿಟಾ ತಾವು ಬರೆದ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ವಾಕ್‌ಮನ್ ಮಾರುಕಟ್ಟೆಗೆ ಬರುವ ಮೊದಲು ಅದನ್ನು ಮನೆಗೆ ತಂದು ಹಾಡು ಕೇಳುತ್ತ ಕೂತಾಗ ಹೆಂಡತಿಗೆ ತಾನು ಹೊರಗುಳಿದೆನೆಂದು ಬೇಸರವಾಯಿತಂತೆ. ಅದಕ್ಕೇ 1979ರಲ್ಲಿ ಬಂದ ಮೊದಲ ವಾಕ್‌ಮನ್ನಿನಲ್ಲಿ ಇಬ್ಬರು ಕೇಳಲೆಂದು ಎರಡು ತೂತು ಇದ್ದವು. ಆದರೆ ಕೊಂಡವರು ತಮತಮಗೆ ಒಂದೊಂದು ಬೇಕೆಂದರೆಂದೂ ಅವರೇ ಬರೆದಿದ್ದಾರೆ. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು, ಹೊರಗುಳಿದವಳ ಬೇಸರವನ್ನು ಕಂಪನಿಯ ಯಜಮಾನ ಲೆಕ್ಕಕ್ಕೆ ತೆಗೆದುಕೊಂಡದ್ದು. ನಮ್ಮ ಮನೆಗಳಲ್ಲಿ ಊಟದ ತಾಟಿನ ಮುಂದೂ ಫೋನು ನೋಡುವ ಗಂಡಸಿನಿಂದ ಹೊರಗುಳಿದ ಹೆಂಗಸಿನ ಬೇಸರ ಯಾರ ಲೆಕ್ಕದಲ್ಲಿದೆ? ಜತೆಯಾಗಿ ಕೇಳಬೇಕೆಂದರೆ ಒಂದು ಪಿನ್ನನ್ನು ಎರಡು ಮಾಡುವ ಸಣ್ಣ ತಂತಿ ಸಿಗುತ್ತದೆ. ಒಳ್ಳೆಯ ಹಾಡಿದ್ದರೆ ಅತ್ತೆಗೂ ಒಂದು ಕೊಡಿ. ಅವರ ಕಿವಿಯೂ ನಲವತ್ತು ವರ್ಷ ಕಾವಲು ಕಾದು ದಣಿದದ್ದೇ.

ಇನ್ನು, ಮುಚ್ಚುವಂಥದ್ದೇ ಯಾಕೆ ಬೇಕು? ಹೊರಗಿನ ಸದ್ದು ಕೇಳಿದವರಿಗೆ ಉತ್ತರ ಗೊತ್ತು. ಹುಬ್ಬಳ್ಳಿ-ವಿಜಯಪುರದ ಹೆದ್ದಾರಿ ನರಗುಂದದ ಮೇಲೆ ಹಾದಿದೆ, ಲಾರಿಗಳಿಗೆ ಹಗಲು ರಾತ್ರಿ ಎಂಬುದಿಲ್ಲ. ಗಜೇಂದ್ರಗಡ ಮಗ್ಗದ ಊರು, ಮಗ್ಗವಿದ್ದ ಮನೆಯಲ್ಲಿ ಲಾಳಿಯ ಲಟಕ್-ಪಟಕ್ ಬಿಡುವಿಲ್ಲದ್ದು. ಮದುವೆಯ ದಿನಗಳಲ್ಲಿ, ಹಬ್ಬದ ಮೆರವಣಿಗೆಯಲ್ಲಿ ಡಿಜೆ ಬಂದರೆ ಕಿಡಕಿಯ ಗಾಜು ಅದುರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚಬಾರದೆಂದು 2000ದಲ್ಲೇ ನಿಯಮ ಬಂದಿದೆ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯೂ ಇದೆ. ನಿಯಮ ಕಾಗದದ ಮೇಲೆ ನಿದ್ದೆ ಮಾಡುತ್ತದೆ, ನಾವು ಎಚ್ಚರಿರುತ್ತೇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಬಂದ ಮೇಲೆ ಗದುಗಿಗೆ ಕಾಲೇಜಿಗೋ ಕೆಲಸಕ್ಕೋ ಹೋಗಿಬರುವವರು ಹೆಚ್ಚಿದ್ದಾರೆ. ಆದರೆ ಬಸ್ಸಿನಲ್ಲಿ ಯಾರದೋ ಫೋನಿನಿಂದ ಸಿನಿಮಾ ಡೈಲಾಗು ಕಿರುಚುತ್ತಿರುತ್ತದೆ. ಹಾಗೆ ಸ್ಪೀಕರು ಹಚ್ಚಬಾರದೆಂದು ಹೈಕೋರ್ಟಿನ ಮಾತಿನ ಮೇರೆಗೆ ಸಾರಿಗೆ ನಿಗಮ 2021ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತ್ತು. ನಿಲ್ಲಿಸುವವರು ಯಾರು?

ಇಂಥ ಗದ್ದಲದಲ್ಲಿ ಸೋರುವ ಹೆಡ್‌ಫೋನ್ ಹಾಕಿಕೊಂಡವರು ಮಾಡುವುದೊಂದೇ. ಹೊರಗಿನದಕ್ಕಿಂತ ಒಳಗಿನದು ಜೋರಾಗಲಿ ಎಂದು ಗುಂಡಿ ಒತ್ತುತ್ತ ಹೋಗುತ್ತಾರೆ. ಕಿವಿ ಕೆಡುವುದು ಅಲ್ಲಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು. ಸದ್ದು 3 ಡೆಸಿಬೆಲ್ ಏರಿದರೆ ತಾಸು ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ತಾಸು, 86ಕ್ಕೆ 10. ಹೀಗೆ 90 ಮುಟ್ಟುವಷ್ಟರಲ್ಲಿ ಇಡೀ ವಾರಕ್ಕೆ ನಾಲ್ಕೇ ತಾಸು. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬೆಲ್. ಒಳಗಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮುಚ್ಚಿದ ಬಟ್ಟಲಿನ ದೊಡ್ಡ ಗುಣ ಇಲ್ಲಿದೆ. ಹೊರಗಿನ ಮಾತುಕತೆ, ಹಾರ್ನು, ಸೀಟಿಯಂಥ ತೀಕ್ಷ್ಣ ಸದ್ದನ್ನು ಅದು ತಗ್ಗಿಸುವುದರಿಂದ ನೀವು ಮೆಲ್ಲಗೆ ಕೇಳಬಹುದು. ಬಸ್ಸಿನ ಇಂಜಿನ್ನಿನ ಗುಂಯ್ ಎನ್ನುವ ಕೆಳದನಿ ಅಷ್ಟಾಗಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವ ಎಲೆಕ್ಟ್ರಾನಿಕ್ ಜಾಣತನ ಬೇರೆ ಇದೆ, ಸಾವಿರ ರೂಪಾಯಿಯಲ್ಲಿ ಅದನ್ನು ಚೆನ್ನಾಗಿ ನಿರೀಕ್ಷಿಸುವುದು ಬೇಡ. ಜೋರಾಗಿ ಕೇಳಲಿಕ್ಕೆ ಹೆಡ್‌ಫೋನ್ ಎಂದು ಅಂಗಡಿಯವ ಹೇಳುತ್ತಾನೆ. ನಾನು ಹೇಳುವುದು, ಮೆಲ್ಲಗೆ ಕೇಳಲಿಕ್ಕೆ ಹೆಡ್‌ಫೋನ್. ಕೊಳ್ಳುವಾಗ ಈ ಒಂದು ಮಾತು ನೆನಪಿದ್ದರೆ ಅರ್ಧ ಪರೀಕ್ಷೆ ಮುಗಿದ ಹಾಗೆ.

ಈಗ ಅಂಗಡಿ. ನಮ್ಮ ಕಡೆಯ ಹೆಣ್ಣುಮಗಳು ಸೀರೆ ಅಂಗಡಿಯಲ್ಲಿ ಕೂತದ್ದನ್ನು ನೋಡಿ. ಇಪ್ಪತ್ತು ಸೀರೆ ಬಿಚ್ಚಿಸುತ್ತಾಳೆ. ಸೆರಗು ತಿರುವಿ ಹಾಕುತ್ತಾಳೆ, ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಾಳೆ, ಬಣ್ಣ ಬಿಡುತ್ತದೇನು ಎಂದು ನಾಲ್ಕು ಸಲ ಕೇಳುತ್ತಾಳೆ, ಬಾಗಿಲ ಬೆಳಕಿಗೆ ಒಯ್ದು ಹಿಡಿಯುತ್ತಾಳೆ. ಇಳಕಲ್ಲಿನದೋ ಗಜೇಂದ್ರಗಡದ್ದೋ ಎಂದು ಮುಟ್ಟಿ ಹೇಳುತ್ತಾಳೆ. ಅವಳಿಗೆ ಮೋಸ ಮಾಡುವುದು ಸುಲಭವಲ್ಲ. ಅದೇ ಹೆಣ್ಣುಮಗಳು ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೆ, "ಒಂದು ಛಲೋದು ಕೊಡ್ರಿ" ಎಂದು ಹೇಳಿ ಪರ್ಸು ತೆಗೆಯುತ್ತಾಳೆ. ಆತ "ಅಕ್ಕಾರ, ಇದನ್ನ ಒಯ್ಯಿರಿ, ಬೇಸ್ ಹೆಂಗ ಬಡೀತೈತಿ ನೋಡ್ರಿ, ಹೆಣ್ಣಮಕ್ಕಳು ಭಾಳ ಒಯ್ತಾರ, ಗುಲಾಬಿ ಬಣ್ಣದಾಗೂ ಐತಿ" ಎನ್ನುತ್ತಾನೆ. ಬಣ್ಣ ಗುಲಾಬಿಯಾದರೆ ಬುದ್ಧಿ ಕೇಳುವುದಿಲ್ಲವೆಂದು ಅವರಿಗೆ ಯಾರು ಹೇಳಿಕೊಟ್ಟರೋ! "ಡಬ್ಬಿ ಒಡೀರಿ, ಹಾಕಿ ನೋಡತೀನಿ" ಎಂದು ನಾನು ಕೇಳಿದಾಗ ಒಬ್ಬ ಅಂಗಡಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸೀರೆಯನ್ನು ಬಿಚ್ಚದೆ ಮಾರುವ ಅಂಗಡಿಗೆ ನಾವು ಹೋಗುತ್ತೇವೆಯೆ? ಇಲ್ಲಿಯೂ ಹೋಗಬೇಕಾಗಿಲ್ಲ. ತೋರಿಸಲಿಕ್ಕೆಂದು ಒಂದು ಬಿಚ್ಚಿಟ್ಟ ಅಂಗಡಿ ಪಕ್ಕದ ಓಣಿಯಲ್ಲಿ ಇರುತ್ತದೆ.

ಹಾಕಿ ನೋಡುವಾಗ ನಿಮ್ಮ ನಿತ್ಯದ ಬೆಂಡೋಲೆ, ಝುಮಕಿ ಕಿವಿಯಲ್ಲೇ ಇರಲಿ. ಈ ಸಾಮಾನು ಮಾಡಿದವರು ನಮ್ಮ ಕಿವಿಯನ್ನು ನೋಡಿ ಮಾಡಿದ್ದಲ್ಲ. ಕಿವಿಯ ಮೇಲೆ ಕೂರುವ ಸಣ್ಣ ಬಟ್ಟಲು ಬೆಂಡೋಲೆಯನ್ನು ಒತ್ತುತ್ತದೆ. ಹಿಂದಿನ ತಿರುಪು ಕುತ್ತಿಗೆಯ ಮೇಲ್ಭಾಗಕ್ಕೆ ಚುಚ್ಚಿ ಹತ್ತು ನಿಮಿಷಕ್ಕೆ ನೋವು ಬರುತ್ತದೆ. ಓಲೆ ಎತ್ತಿ ಹಿಡಿದ ಸಂದಿಯಿಂದ ಗಾಳಿ ಆಡಿದರೆ ತಬಲಾದ ಡಗ್ಗಾ ಮಾಯವಾಗಿ ಹಾಡು ತಗಡಿನ ಡಬ್ಬಿಯಲ್ಲಿ ಹಾಡಿದಂತಾಗುತ್ತದೆ. ಅದು ಹೆಡ್‌ಫೋನಿನ ದೋಷವಲ್ಲ, ಸಂದಿಯ ದೋಷ. ಕನ್ನಡಕದ ಕಡ್ಡಿ ಮಾಡುವ ಕಿತಾಪತಿಯೂ ಇದೇ. ದೊಡ್ಡ ಓಲೆ ಹಾಕುವವರು ಕಿವಿಯ ಸುತ್ತ ಕೂರುವ ಬಟ್ಟಲನ್ನೇ ಹುಡುಕಬೇಕು. ಮೇಲಿನ ಪಟ್ಟಿ ತುರುಬಿಗೆ, ಮಲ್ಲಿಗೆಯ ಮಾಲೆಗೆ ತಾಗುತ್ತದೆಯೋ ನೋಡಿ. ಪಟ್ಟಿ ನಿಮ್ಮ ತಲೆಯ ಅಳತೆಗೆ ಇಳಿಯುತ್ತದೆಯೋ ನೋಡಿ, ಗಂಡಸರ ತಲೆಗೆ ಮಾಡಿದ್ದು ನಮ್ಮ ಕಿವಿಯಿಂದ ಕೆಳಗೆ ಜಾರುವುದುಂಟು. ಬಗ್ಗಿ ನೆಲದ ಮೇಲಿನ ಸಾಮಾನು ಎತ್ತಿದರೆ ಉದುರಬಾರದು. ಐದು ನಿಮಿಷ ಹಾಕಿಕೊಂಡಿದ್ದರೆ ಕಪಾಳ ಹಿಂಡಿದಂತಾಗಬಾರದು. ಮೆತ್ತೆ ರೆಕ್ಸಿನ್ನಿನದಾದರೆ ನಮ್ಮ ಏಪ್ರಿಲ್-ಮೇ ಬಿಸಿಲಿನ ಬೆವರಿಗೆ ಸಿಪ್ಪೆ ಏಳುತ್ತದೆ, ಬಟ್ಟೆಯದಾದರೆ ಗಾಳಿಯಾಡುತ್ತದೆ ಆದರೆ ಸದ್ದನ್ನು ಕಡಿಮೆ ತಡೆಯುತ್ತದೆ. ಯಾವುದೇ ಇರಲಿ, ಮೆತ್ತೆಯನ್ನು ಬಿಚ್ಚಿ ಬೇರೆ ಹಾಕಲು ಬರುತ್ತದೆಯೋ ಎಂದು ಕೇಳಿ.

ಆಮೇಲೆ ಕಿವಿಯ ಪರೀಕ್ಷೆ. ಅಂಗಡಿಯವ ಹಚ್ಚುವ ಧಡಂ-ಧಡಂ ಹಾಡನ್ನು ಕೇಳಿ ತೀರ್ಮಾನ ಮಾಡಬೇಡಿ. ಅದರಲ್ಲಿ ಎಲ್ಲ ಹೆಡ್‌ಫೋನೂ ಗಟ್ಟಿಗನೇ. ನಿಮಗೆ ಬಾಯಿಗೆ ಬರುವಷ್ಟು ಪರಿಚಯವಿರುವ ಒಂದು ಹಾಡನ್ನು ನಿಮ್ಮ ಫೋನಿನಲ್ಲೇ ಒಯ್ಯಿರಿ. ಭೀಮಸೇನರದೋ ಗಂಗೂಬಾಯಿಯವರದೋ ಒಂದು ಖ್ಯಾಲ್ ಇದ್ದರೆ ಉತ್ತಮ. ಅವರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ತಂಬೂರಿ ಬಿಡಿಬಿಡಿಯಾಗಿ ಕೇಳಬೇಕು. ಡಗ್ಗಾ ಗುಂಡಗೆ ಕೇಳಬೇಕು, ಹಾಡುವವರ ದನಿಯ ಮೇಲೆ ಬಿದ್ದು ಒದ್ದಾಡಬಾರದು. ಎರಡನೆಯದು ಮಾತು. ಆಕಾಶವಾಣಿಯ ಕನ್ನಡ ವಾರ್ತೆಯನ್ನು ಮೆಲ್ಲಗೆ ಹಚ್ಚಿ. ಸಕಾರ ಶಕಾರ ಬೇರೆಬೇರೆಯಾಗಿ ಕೇಳಿದರೆ, ಸಕಾರ ಸೂಜಿಯಂತೆ ಚುಚ್ಚದಿದ್ದರೆ, ಪಾಸು. ಕಥೆ ಕೇಳುವವರಿಗೆ, ಪಾಠ ಕೇಳುವವರಿಗೆ, ಊರು ಬಿಟ್ಟ ಮಗಳೊಡನೆ ಮಾತಾಡುವವರಿಗೆ ಬೇಸಿಗಿಂತ ಇದು ಮುಖ್ಯ. ಮೂರನೆಯದಾಗಿ, ಹಾಡು ಓಡುತ್ತಿರುವಾಗ ಎರಡೂ ಬಟ್ಟಲನ್ನು ಎದುರುಬದುರಾಗಿ ಒತ್ತಿ ಹಿಡಿಯಿರಿ. ಹೊರಗೆ ಚೆನ್ನಾಗಿ ಕೇಳುತ್ತಿದ್ದರೆ ಅದು ಹೆಸರಿಗೆ ಮಾತ್ರ ಮುಚ್ಚಿದ್ದು.

ಡಬ್ಬಿಯ ಮೇಲಿನ ಅಂಕಿಗಳಿಗೆ ಹೆದರಬೇಡಿ, ಮರುಳೂ ಆಗಬೇಡಿ. '20ರಿಂದ 20,000 ಹರ್ಟ್ಸ್' ಎಂದು ಬಹಳಷ್ಟು ಡಬ್ಬಿಗಳ ಮೇಲೆ ಬರೆದಿರುತ್ತದೆ. ಮನುಷ್ಯರ ಕಿವಿಯ ವ್ಯಾಪ್ತಿಯೇ ಅಷ್ಟು. ಆ ನಡುವೆ ದನಿ ಎಲ್ಲಿ ಏರುತ್ತದೆ, ಎಲ್ಲಿ ಬೀಳುತ್ತದೆ ಎಂಬುದನ್ನು ಹೇಳದೆ ಅಂಕಿ ಬರೆದರೆ ಏನೂ ಬರೆದ ಹಾಗಾಗಲಿಲ್ಲ. '40 ಎಂ.ಎಂ. ಡ್ರೈವರ್' ಎಂದರೆ ಒಳಗಿನ ಸ್ಪೀಕರಿನ ಅಗಲ. ಹಂಚು ಅಗಲವಿದ್ದ ಮಾತ್ರಕ್ಕೆ ರೊಟ್ಟಿಗೆ ರುಚಿ ಬರುತ್ತದೆಯೆ? ನೋಡಬೇಕಾದ ಅಂಕಿ ಎರಡೇ. ಒಂದು ಓಮ್, ಇನ್ನೊಂದು ಮಿಲಿವ್ಯಾಟಿಗೆ ಇಷ್ಟು ಡೆಸಿಬೆಲ್ ಎಂಬುದು. ಉದಾಹರಣೆಗೆ ಸೋನಿಯ ಎಂಡಿಆರ್-ಝಡ್ಎಕ್ಸ್110 ಎಂಬ ಮಡಚುವ, ಮುಚ್ಚಿದ ಜಾತಿಯದರಲ್ಲಿ 24 ಓಮ್, 98 ಡೆಸಿಬೆಲ್. ಇಂಥವು ಫೋನಿನ ಅಲ್ಪ ಶಕ್ತಿಗೇ ಸಾಕಷ್ಟು ಕೇಳಿಸುತ್ತವೆ. ಓಮ್ 16ರಿಂದ 50ರೊಳಗೆ ಇದ್ದರೆ ಸಾಕು. ಸ್ಟುಡಿಯೋದವರು ಬಳಸುವ 250 ಓಮ್‌ನದನ್ನು ತಂದರೆ ಫೋನಿನಿಂದ ಬರುವುದು ಬಡಕಲು ದನಿ, ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕಾದೀತು.

ತಂತಿಯದೋ ತಂತಿಯಿಲ್ಲದ್ದೋ? ನನ್ನ ಓಟು ತಂತಿಗೆ. ಬ್ಲೂಟೂತಿನದರಲ್ಲಿ ಕೊಟ್ಟ ಹಣ ಬ್ಯಾಟರಿಗೆ, ರೇಡಿಯೋಗೆ, ಚಾರ್ಜಿಂಗಿಗೆ ಹಂಚಿಹೋಗಿ ದನಿಯ ಪಾಲಿಗೆ ಉಳಿಯುವುದು ಕಡಿಮೆ. ಬ್ಯಾಟರಿ ಒಂದು ದಿನ ದಣಿಯುತ್ತದೆ, ಬದಲಿಸಿ ಕೊಡುವವರು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ತಂತಿಯದಾದರೆ ಕರೆಂಟು ಹೋದ ದಿನವೂ ಹಾಡುತ್ತದೆ. ಪಿನ್ನಿನ ಬುಡದಲ್ಲಿ ತಂತಿ ಕಿತ್ತರೆ ರಿಪೇರಿಯವರು ಹೊಸ ಪಿನ್ನು ಬೆಸೆದು ಕೊಡುತ್ತಾರೆ. ಕೊಳ್ಳುವಾಗಲೇ ಆ ಬುಡದಲ್ಲಿ ರಬ್ಬರಿನ ಬಾಲ ದಪ್ಪಗಿದೆಯೋ ನೋಡಿ, ತಂತಿಯನ್ನೇ ಬಿಚ್ಚಿ ಬದಲಿಸುವಂಥದು ಸಿಕ್ಕರೆ ಇನ್ನೂ ಒಳ್ಳೆಯದು. ಪಿನ್ನಿನ ಮೇಲೆ ಮೂರು ಗೆರೆ ಇದ್ದರೆ ಮೈಕಿಗೂ ಜಾಗವಿದೆ ಎಂದರ್ಥ, ಎರಡೇ ಇದ್ದರೆ ಕೇಳುವುದಕ್ಕೆ ಮಾತ್ರ. 2016ರಲ್ಲಿ ಆಪಲ್ ಕಂಪನಿ ತನ್ನ ಫೋನಿನಿಂದ ಪಿನ್ನಿನ ತೂತು ತೆಗೆದದ್ದೇ ನೆಪ, ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ನಿಮ್ಮ ಫೋನಿನಲ್ಲಿ ತೂತಿಲ್ಲದಿದ್ದರೆ ಚಾರ್ಜರಿನ ಜಾಗಕ್ಕೆ ಹಾಕುವ ಸಣ್ಣ ಜೋಡಣೆ ಬೇಕಾಗುತ್ತದೆ. ಎಲ್ಲ ಜೋಡಣೆಯೂ ಎಲ್ಲ ಫೋನಿಗೂ ಒಗ್ಗುವುದಿಲ್ಲ, ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ನೋಡಿ. ಬ್ಲೂಟೂತಿನದೇ ಬೇಕೆಂದರೆ ಡಬ್ಬಿಯ ಮೇಲೆ ಬಿಐಎಸ್ ಗುರುತು, ಅದರ ಜತೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಲಿ.

ಮೂರನೆಯ ಎದುರಾಳಿ ಸಂಗೀತ ಬಲ್ಲವರು. "ಹತ್ತು ಸಾವಿರದ ಕೆಳಗಿನದನ್ನ ಹೆಡ್‌ಫೋನ್ ಅನ್ನಬ್ಯಾಡ್ರಿ" ಎಂದು ಅವರು ಮೂಗು ಮುರಿಯುತ್ತಾರೆ. ಬೆಲೆ ಏರಿದರೆ ದನಿ ಸುಧಾರಿಸುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಏಳೆಂಟುನೂರರಿಂದ ಒಂದೂವರೆ ಸಾವಿರದ ತನಕದ ತಂತಿಯ ಹೆಡ್‌ಫೋನಿನಲ್ಲಿ ಒಂದು ಖ್ಯಾಲ್, ಒಂದು ಪಾಠ, ಒಂದು ಕಥೆ ಮನಸ್ಸು ತುಂಬುವಷ್ಟು ಕೇಳುತ್ತದೆ. ಭೀಮಸೇನರ ಬದುಕನ್ನು ತಿರುಗಿಸಿದ್ದು ಯಾವ ಯಂತ್ರ? ಅಂಗಡಿಯ ಗ್ರಾಮೋಫೋನು, ಕರಕರ ಎನ್ನುವ ತಟ್ಟೆ. ಹತ್ತು ಸಾವಿರದ ಮಾತು ಹೇಳಿ ಸಾವಿರ ರೂಪಾಯಿ ಕೂಡಿಟ್ಟವಳನ್ನು ಬರಿಗೈಯಲ್ಲಿ ಕಳಿಸುವುದಕ್ಕೆ ರಸಿಕತೆ ಎನ್ನಲು ನಾನು ಒಲ್ಲೆ. ಸ್ವಸಹಾಯ ಸಂಘದಲ್ಲಿ ವಾರಕ್ಕೆ ಐವತ್ತು ಕಟ್ಟುವವಳಿಗೆ ಸಾವಿರದ ಬೆಲೆ ಎಷ್ಟೆಂದು ಗೊತ್ತು. ಆ ಸಾವಿರಕ್ಕೆ ತಕ್ಕುದು ಯಾವುದು ಎಂದು ಹೇಳಿಕೊಡುವವರು ನಮಗೆ ಬೇಕು.

ಕೊಂಡ ಮೇಲೆ ಪಾವತಿ ಕೇಳಿ ಪಡೆಯಿರಿ. "ಬಿಲ್ ಯಾಕ್ರೀ ಅಕ್ಕಾರ, ನಾವೇನು ಓಡಿ ಹೋಗ್ತೀವೇನು" ಎಂದರೆ ನಕ್ಕು, ಬಿಲ್ಲು ತೆಗೆದುಕೊಂಡೇ ಇಳಿಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿದ್ದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು, ಹಣ ಕೊಡಲು ಒಲ್ಲೆ ಎನ್ನುವುದೂ ಹಾಗೆಯೇ. 'ಮಾರಿದ ಮಾಲು ವಾಪಸ್ಸಿಲ್ಲ' ಎಂಬ ಹಲಗೆ ಗೋಡೆಗೆ ಅಲಂಕಾರವಷ್ಟೇ. 1915 ಎಂಬ ಗ್ರಾಹಕ ಸಹಾಯವಾಣಿ ಇದೆ. ಜಿಲ್ಲಾ ಆಯೋಗಕ್ಕೆ ದೂರು ಕೊಡುವುದಾದರೆ ಐದು ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ಸಾವಿರ ರೂಪಾಯಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಅದು ಸಾವಿರವೇ ಇರಬಹುದು. ಕೂಡಿಟ್ಟವಳಿಗೆ ಅದು ಹಲವು ವಾರ.

ಕದ ಎಂದ ಮೇಲೆ ತೆಗೆಯುವುದೂ ಗೊತ್ತಿರಬೇಕು. ರಸ್ತೆ ದಾಟುವಾಗ, ಸ್ಕೂಟಿಯ ಮೇಲೆ, ಕತ್ತಲಲ್ಲಿ ಒಬ್ಬಳೇ ನಡೆಯುವಾಗ, ಒಲೆಯ ಮೇಲೆ ಹಾಲಿಟ್ಟಾಗ, ಸಣ್ಣ ಕೂಸು ನಿಮ್ಮೊಬ್ಬರ ವಶದಲ್ಲಿದ್ದಾಗ ಮುಚ್ಚುವ ಹೆಡ್‌ಫೋನ್ ಬೇಡ. ಉಳಿದ ಹೊತ್ತಿಗೆ ಮನೆಯಲ್ಲಿ ಒಂದು ಕರಾರು ಮಾಡಿಕೊಳ್ಳಿ. ಮಧ್ಯಾಹ್ನ ಎರಡೂವರೆಯಿಂದ ಮೂರರ ತನಕ ಬಾಗಿಲು, ನಳ, ಫೋನು ಇನ್ನೊಬ್ಬರ ಪಾಲು. ಇದನ್ನು ಕದ್ದುಮುಚ್ಚಿ ಮಾಡಬೇಡಿ, ಹೇಳಿಯೇ ಮಾಡಿ. ಮೊದಲ ವಾರ ಗೊಣಗುತ್ತಾರೆ. ಎರಡನೆಯ ವಾರ ನಳ ತುಂಬಿಸಲು ಕಲಿಯುತ್ತಾರೆ.

ನಮ್ಮ ಕಿವಿಯನ್ನು ಹುಟ್ಟಿದ ವರ್ಷವೇ ಚುಚ್ಚಿಸಿದರು, ತೂಕದ ಬಂಗಾರ ಹಾಕಿದರು, ಮದುವೆಯಲ್ಲಿ ಅದರ ಲೆಕ್ಕವನ್ನೂ ಮಾಡಿದರು. ಅದರ ಹೊರಗಿನ ಚೆಂದಕ್ಕೆ ಇಷ್ಟು ಖರ್ಚು ಮಾಡಿದ ಲೋಕ ಒಳಗೆ ಏನು ಹೋಗಬೇಕೆಂದು ನಮ್ಮನ್ನು ಒಮ್ಮೆಯೂ ಕೇಳಲಿಲ್ಲ. ಓಲೆಗೆ ಕೊಟ್ಟ ಹಣದ ನೂರರಲ್ಲಿ ಒಂದು ಪಾಲು ಸಾಕು. ಬರುವ ಸಂತೆಯ ದಿನ ಅಂಗಡಿಗೆ ಹೋಗಿ, ಸೀರೆ ಬಿಚ್ಚಿಸಿದ ಹಾಗೆ ನಾಲ್ಕು ಡಬ್ಬಿ ಬಿಚ್ಚಿಸಿ. ಅಂಗಡಿಯವ ಬೇಸರಿಸಿದರೆ ಬೇಸರಿಸಲಿ, ಅವನಿಗೂ ರೂಢಿಯಾಗಬೇಕಲ್ಲ.